ತಾಮ್ರದ ಮೇಲಿನ ಎರಡನೆಯ ಗೆರೆ

ಪ್ರೀತಿಯ ಜಯಪಾಲ ಮಾಸ್ಟ್ರಿಗೆ,

ಬೆಂಗ್ರೆಯಿಂದ ನಿಮ್ಮ ಶಿಷ್ಯೆ ತೃಪ್ತಿಯ ನಮಸ್ಕಾರಗಳು. ನಿನ್ನೆ ಬೋಳಾರದ ನಿಮ್ಮ ಮನೆಯಲ್ಲಿ ಹೇಳಬೇಕಾದ್ದರಲ್ಲಿ ಅರ್ಧ ಮಾತ್ರ ಹೇಳಿದೆ. ಅತ್ತು ಬಂದೆ, ಅಷ್ಟೆ. ಹೇಳದೆ ಉಳಿದದ್ದನ್ನು ಬರೆಯುತ್ತಿದ್ದೇನೆ.

ಕೈ ನಡುಗುವ ಕಾಯಿಲೆ ಶುರುವಾಗುವ ಮೊದಲು ಚಿತ್ರ ಅಚ್ಚು ಹಾಕಲೆಂದು ನೀವು ಸೂಜಿಯಲ್ಲಿ ಕೊರೆದ ಕೊನೆಯ ತಗಡು ಅದು. ಅಂಗೈಯಗಲದ ತಾಮ್ರ, ಅದರಲ್ಲಿ ಅಡ್ಡಕ್ಕೆ ಒಂದೇ ಒಂದು ಗೆರೆ. ಅದಕ್ಕೆ ಮೂರು ತಿಂಗಳು ಹಿಡಿದದ್ದನ್ನು ಕಣ್ಣಾರೆ ಕಂಡವಳು ನಾನು. "ಹನ್ನೆರಡು ಪ್ರತಿ ನೀನೇ ಅಚ್ಚು ಹಾಕು" ಎಂದು ಕೊಟ್ಟಿರಿ. ನನ್ನ ಬುದ್ಧಿಗೆ ಎಂತ ಮಂಕು ಕವಿದಿತ್ತೋ! ಕಾಗದದಲ್ಲಿ ಸುತ್ತದೆ ಬ್ಯಾಗಿಗೆ ತುರುಕಿ ಫೆರಿ ಹತ್ತಿದೆ.

ಮನೆಯ ಪ್ರೆಸ್ಸಿನಲ್ಲಿ ಮಸಿ ಹಚ್ಚಿ, ಒರೆಸಿ, ಒದ್ದೆ ಕಾಗದವಿಟ್ಟು ಚಕ್ರ ತಿರುಗಿಸಿದೆ. ಎತ್ತಿ ನೋಡಿದರೆ ಗೆರೆಯ ಕೆಳಗೆ ಕೂದಲಿನಷ್ಟು ಸಪೂರದ ಇನ್ನೊಂದು ಗೆರೆ, ಓರೆಯಾಗಿ. ಕೊಡುವ ಮೊದಲು ನೀವೇ ಸೇರಿಸಿರಬೇಕು ಎಂದುಕೊಂಡು ಹನ್ನೆರಡನ್ನೂ ಮುಗಿಸಿದೆ. "ಇಷ್ಟು ಖಾಲಿ ಕಾಗದಕ್ಕೆ ಇಷ್ಟೊಂದು ಕೈ ಕರಿ ಮಾಡಿಕೊಳ್ಳುದಾ?" ಎಂದು ಅಮ್ಮ ನಕ್ಕರು. ಆಮೇಲೆ ಬ್ಯಾಗು ಕೊಡವಿದಾಗ ಬೀಗದ ಕೈ ಕೆಳಗೆ ಬಿತ್ತು. ಅದರ ತುದಿಯಲ್ಲಿ ತಾಮ್ರದ ಹೊಳಪು. ಆ ಎರಡನೆಯ ಗೆರೆ ಎಳೆದದ್ದು ನೀವಲ್ಲ, ನನ್ನ ಬೀಗದ ಕೈ!

ಉಜ್ಜಿ ತೆಗೆಯೋಣವೆಂದರೆ ನಿಮ್ಮ ಗೆರೆಯೂ ಹೋದೀತು. ಇನ್ನೊಮ್ಮೆ ಎಳೆಯಲು ನಿಮ್ಮ ಕೈ ಕೇಳುವುದಿಲ್ಲ. ಒಂದು ತಿಂಗಳು ನಿಮ್ಮ ಫೋನು ಎತ್ತಲಿಲ್ಲ. ಕಾಗದ ಒಣಗಿಲ್ಲ ಎಂದು ಮೆಸೇಜಿನಲ್ಲಿ ಸುಳ್ಳು ಹೇಳಿದೆ. ಕ್ಷಮಿಸಿ.

ನಿನ್ನೆ ಎಲ್ಲ ಒಪ್ಪಿಕೊಂಡಾಗ ನೀವು ಕನ್ನಡಕ ಒರೆಸಿ ಪ್ರತಿಯನ್ನು ತುಂಬ ಹೊತ್ತು ನೋಡಿದಿರಿ. ಬೈದಿದ್ದರೇ ವಾಸಿಯಿತ್ತು. ಕೊನೆಗೆ, ಪಾಠ ಹೇಳುವಾಗ ದಿನಾ ಕೇಳುತ್ತಿದ್ದ ಅದೇ ಪ್ರಶ್ನೆ: "ಇದರಲ್ಲಿ ತೆಗೀಲಿಕ್ಕೆ ಇನ್ನೆಂತ ಉಂಟು, ಹೇಳು."

ನಾನು ಆ ಗೀರನ್ನು ತೋರಿಸಿದೆ. ನೀವು ಹೆಬ್ಬೆರಳಿನಿಂದ ಅದನ್ನು ಮುಚ್ಚಿದಿರಿ, ಬೆರಳು ತೆಗೆದಿರಿ, ಮತ್ತೆ ಮುಚ್ಚಿದಿರಿ. ಮುಚ್ಚಿದಾಗ ಅಲ್ಲಿದ್ದದ್ದು ಬರೀ ಗೆರೆ. ತೆಗೆದಾಗ ಅದು ನದಿ ಕಡಲು ಸೇರುವ ಅಳಿವೆಯಾಚೆಯ ನೀರಿನ ಅಂಚು, ಗೀರು ಅದರ ಕೆಳಗಿನ ಅಲೆ. "ತೆಗೀಲಿಕ್ಕೆ ಎಂತದೂ ಇಲ್ಲ ಮಾಸ್ಟ್ರೇ" ಎಂದೆ.

"ನಲ್ವತ್ತು ವರ್ಷ ಸೂಜಿ ಚೂಪು ಮಾಡಿದ್ದೇ ಬಂತು ಮಾರಾಯ್ತಿ, ಬೀಗದ ಕೈ ಸಾಕಿತ್ತು!"

ಅಬ್ಬಾ, ನೀವು ನಕ್ಕಿರಿ! ನಡುಗುವ ಕೈಯಲ್ಲೇ ಹನ್ನೆರಡಕ್ಕೂ ಪೆನ್ಸಿಲಿನಲ್ಲಿ ಸಹಿ ಹಾಕಿ, ಪಕ್ಕದಲ್ಲಿ ನನ್ನದನ್ನೂ ಹಾಕೆಂದಿರಿ. ನಾನು ಹಿಂಜರಿದಾಗ ನೀವು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ನನ್ನ ಕೈ ನಿಂತ ಮೇಲೆ ಆ ತಗಡಿಗೆ ಇನ್ನೊಂದು ಗೆರೆ ಬೀಳುದಿಲ್ಲ ಅಂತ ಇದ್ದೆ. ಬಿತ್ತಲ್ಲ!"

ಶನಿವಾರ ಹೊಸ ತಗಡು ತರುತ್ತೇನೆ, ಕಾಗದದಲ್ಲಿ ಸುತ್ತಿಯೇ. ಎಳೆಯುವ ಕೈ ನನ್ನದು. ಎಲ್ಲಿ ನಿಲ್ಲಿಸಬೇಕು ಎಂದು ಹೇಳಲು ನಿಮ್ಮ ಕಣ್ಣು ನೂರು ಕಾಲ ಚೆನ್ನಾಗಿರಲಿ.

ನಿಮ್ಮ
ತೃಪ್ತಿ