ತೊಂಬತ್ತೊಂಬತ್ತರ ಆಚೆಗೆ ಬಾಗಿಲಿಲ್ಲ

ನೆರಳೂರು
ಫೆಬ್ರವರಿ ಮೂವತ್ತು, ೨೩೧೧

ಒಂದು ದಿನದ ವೆಬ್ ಅಪ್ಲಿಕೇಶನ್ ತರಬೇತಿಗೆ ಹೆಸರು ಕೊಟ್ಟಿರುವ ಡೆವಲಪರ್‌ಗಳಿಗೆ,

ತಾರೀಕು ನೋಡಿ ನಗಬೇಡಿ. ಮೇ ತಿಂಗಳ ಬಿಸಿಲು ತಡೆಯಲಾರದೆ ನಮ್ಮ ಹಿರಿಯರು ಅದರಿಂದ ಎರಡು ದಿನ ಕಿತ್ತು ಫೆಬ್ರವರಿಗೆ ಹಚ್ಚಿದರು. ಬಿಸಿಲು ಕಡಿಮೆಯಾಗಲಿಲ್ಲ, ಕ್ಯಾಲೆಂಡರ್ ಕೆಟ್ಟಿತು. ನನ್ನ ಮಾತು ನಿಮಗೆ ವಿಚಿತ್ರವಾಗಿ, ಒರಟಾಗಿ ಕೇಳಿಸಿದರೆ ಮನ್ನಿಸಿ. ನಾನು ಪುಟ್ಟನಿಂಗಮ್ಮ. ಮೂರನೇ ತರಗತಿಗೆ ಶಾಲೆ ಬಿಟ್ಟವಳು. ಮೇಷ್ಟ್ರೇ ಬಿಡಿಸಿದರು ಎಂದರೆ ಹೆಚ್ಚು ಸರಿ. ಈ ಕಾಗದವನ್ನು ಹಿಂಗಾಳಿಗೆ ಹಾಕುತ್ತಿದ್ದೇನೆ. ಹಿಂಗಾಳಿ ಎಂದರೆ ಹಿಂದಿನ ಕಾಲಕ್ಕೆ ಹೋಗುವ ನಮ್ಮ ಅಂಚೆ. ತಲುಪುತ್ತದೋ ಇಲ್ಲವೋ, ಅಲ್ಲಿಂದ ಯಾರೂ ಬಂದು ಹೇಳಿಲ್ಲ.

ನಮ್ಮೂರಿನ ಬೀದಿಗಳಿಗೆಲ್ಲ ಚಾವಣಿ ಇದೆ. ಅವನ್ನು ನೆರಳುಬೀದಿ ಎನ್ನುತ್ತೇವೆ. ಚಾವಣಿಯ ಆಚೆ ಬಿಸಿಲಿಗೆ ಹಗಲು ಯಾರೂ ಕಾಲಿಡುವುದಿಲ್ಲ. ರಾಗಿಯನ್ನು ನೆಲಮಾಳಿಗೆಯಲ್ಲಿ ದೀಪದ ಬೆಳಕಿಗೆ ಬೆಳೆಯುತ್ತೇವೆ. ಮುದ್ದೆ ಚೆನ್ನಾಗಿಯೇ ಆಗುತ್ತದೆ. ನೀರಿನ ಮನೆ, ರಾಗಿ ಮನೆ, ಔಷಧಿ ಮನೆ, ಎಲ್ಲದಕ್ಕೂ ಒಂದೊಂದು ಗಾಜಿನ ಹಲಗೆ ಉಂಟು. ಅದರಲ್ಲಿ ಹೆಸರು, ಬೀದಿ, ವಯಸ್ಸು ಒತ್ತಿದರೆ ಮಾತ್ರ ಒಳಗೆ ಬಿಡುತ್ತದೆ. ಅದನ್ನು ಬಾಗಿಲು ಎಂದು ಕರೆಯುತ್ತೇವೆ. ಈ ಬಾಗಿಲು ನಿಮ್ಮದು. ನಿಮ್ಮ ತರಬೇತಿಯಲ್ಲಿ ಊಟದ ನಂತರ, ತೂಕಡಿಸುತ್ತ, ಅಭ್ಯಾಸಕ್ಕೆಂದು ನೀವು ಮಾಡಿದ್ದು. ದೊಡ್ಡ ದೊಡ್ಡ ಕಂಪನಿಗಳು ಮಾಡಿದ್ದೆಲ್ಲ ಕೆಟ್ಟು ಮೂಲೆ ಸೇರಿತು. ನಿಮ್ಮ ಅಭ್ಯಾಸ ಮಾತ್ರ ನಡೆಯುತ್ತಲೇ ಇದೆ. ಏಕೆಂದು ಕೇಳಬೇಡಿ, ನಮಗೂ ಗೊತ್ತಿಲ್ಲ.

ಅದಕ್ಕೇ ವರ್ಷಕ್ಕೊಮ್ಮೆ ನಾವೂ ಒಂದು ದಿನದ ತರಬೇತಿ ನಡೆಸುತ್ತೇವೆ, ನೀವು ಮಾಡಿದಂತೆಯೇ. ಕೊರಳಿಗೆ ಹೆಸರಿನ ಪಟ್ಟಿ, ನಡುವೆ ಟೀ, ಬಿಸ್ಕತ್ತು, ಮಧ್ಯಾಹ್ನ ಪಲಾವ್, ಸಂಜೆ ಗ್ರೂಪ್ ಫೋಟೋ, ಕೊನೆಗೆ ಪ್ರಮಾಣಪತ್ರ. ಫೋಟೋ ತೆಗೆಯಲು ಕ್ಯಾಮೆರಾ ಇಲ್ಲ; ಆದರೂ ಸಾಲಾಗಿ ನಿಂತು ಹಲ್ಲು ಕಿರಿಯುತ್ತೇವೆ. ಕಲಿಸುವವರು ತೀರ್ಥಪ್ಪ ಮೇಷ್ಟ್ರು. ಅವರ ಪಾಠದಲ್ಲಿ ಮುಖ್ಯವಾದ ಮಾತು ಒಂದೇ: “ನಡೀತಿರೋದನ್ನ ಮುಟ್ಬೇಡ್ರಪ್ಪ, ನಿಂತೋದ್ರೆ ನೀರಿಗೇನ್ ಮಾಡ್ತೀರಾ?” ಬಾಗಿಲನ್ನು ಬಿಚ್ಚಿ ತಿದ್ದಲು ಒಪ್ಪಿಗೆ ಇರುವುದು ಆ ಒಂದು ದಿನ ಮಾತ್ರ. ಅದೂ ಕೊನೆಯಲ್ಲಿ ಅವರು “ಡೌಟ್ಸ್ ಇದಾವಾ?” ಎಂದಾಗ ಯಾರಾದರೂ ಎದ್ದು ಪೂರ್ತಿ ಕೇಳಿದರೆ. ಕೇಳಿದ ಡೌಟು ಬಗೆಹರಿಯುವ ತನಕ ಯಾರೂ ಮನೆಗೆ ಹೋಗುವಂತಿಲ್ಲ. ಹಾಗಾಗಿ ಯಾರೂ ಕೇಳುವುದಿಲ್ಲ.

ಈಗ ನನ್ನ ಅಕ್ಕನ ವಿಷಯ. ಚೌಡಕ್ಕನಿಗೆ ಹೋದ ತಿಂಗಳು ನೂರು ತುಂಬಿತು. ನಿಮ್ಮ ಬಾಗಿಲಿನಲ್ಲಿ ವಯಸ್ಸಿಗೆ ಎರಡೇ ಅಂಕಿಯ ಜಾಗ. ಅವಳು ಒಂದು, ಸೊನ್ನೆ ಒತ್ತುವಷ್ಟರಲ್ಲಿ ಅದು ಅವಳನ್ನು ಹತ್ತು ವರ್ಷದ ಹುಡುಗಿ ಎಂದುಕೊಂಡು ಎದೆಯ ಮಾತ್ರೆಯ ಬದಲು ಜಂತುಹುಳದ ಔಷಧಿ ಕೊಟ್ಟಿತು. ಇದು ಊರಿಗೆಲ್ಲ ಗೊತ್ತಿರುವ ಸಂಗತಿಯೇ. ನಮ್ಮಲ್ಲಿ ನೂರು ದಾಟಿದವರು ಬೇಕಾದಷ್ಟು ಜನ ಇದ್ದಾರೆ, ಎಲ್ಲರೂ ಸಾಯುವ ತನಕ ತೊಂಬತ್ತೊಂಬತ್ತು ಎಂದೇ ಒತ್ತುತ್ತಾರೆ. ಅಕ್ಕ ಒಪ್ಪಲಿಲ್ಲ. “ನೂರ್ ವರ್ಷ ಬದುಕಿವ್ನಿ, ಕದ್ದಿದ್ದಲ್ಲ. ಒಂದ್ ಯಾಕ್ ಬುಡ್ಲಿ?” ಎಂದಳು. ಮಾತ್ರೆ ಮುಗಿದಿತ್ತು. ರಾತ್ರಿ ಮಲಗಲಾರದೆ ಗೋಡೆಗೆ ಒರಗಿ ಕೂರುತ್ತಿದ್ದಳು. ತರಬೇತಿಯಲ್ಲಿ ನಾನೇ ಎದ್ದು ಕೇಳುತ್ತೇನೆ ಎಂದು ಅವಳಿಗೆ ಮಾತು ಕೊಟ್ಟೆ.

ತರಬೇತಿ ಇವತ್ತೇ ನಡೆಯಿತು. ಹಿರಿಯಳೆಂದು ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು. ಬೆಳಗಿನಿಂದ ಆ ಒಂದು ವಾಕ್ಯವನ್ನು ಬಾಯಲ್ಲಿ ಹೊರಳಿಸುತ್ತಿದ್ದೆ. ಓದಿದವರ ಮುಂದೆ ತಪ್ಪಿದರೆ ನಗುತ್ತಾರೆ ಎಂಬ ಭಯಕ್ಕೆ ಪಲಾವ್ ಕೂಡ ಇಳಿಯಲಿಲ್ಲ. ಮೇಷ್ಟ್ರು “ಡೌಟ್ಸ್?” ಎಂದರು. ನಾನು ಸೆರಗು ಸರಿಮಾಡಿಕೊಳ್ಳುವುದರೊಳಗೆ ಹಿಂದಿನಿಂದ ಮಾರಕ್ಕ ಎನ್ನುವ ಹೆಂಗಸು ಎದ್ದಳು. ಇದೇ ಮೊದಲ ಸಲ ಕಲಿಯಲು ಬಂದವಳು. “ಸಾರ್, ವಯಸ್ಸಿನ್ ಜಾಗ್ದಲ್ಲಿ...” ಎಂದಳೋ ಇಲ್ಲವೋ, ನನಗೆ ಎಲ್ಲಿತ್ತೋ ಸಿಟ್ಟು. ನನ್ನ ಸರದಿ ಕಿತ್ತುಕೊಂಡಳು, ಇವಳ ಡೌಟು ಮುಗಿದು ನನ್ನದು ಬರುವಷ್ಟರಲ್ಲಿ ಎಲ್ಲರೂ ಸುಸ್ತಾಗಿ ನನ್ನನ್ನು ಬೈಯುತ್ತಾರೆ ಎಂದು ತಲೆ ಓಡಿತು. ಅವಳು ಏನು ಕೇಳುತ್ತಿದ್ದಾಳೆಂದು ಕಿವಿಗೆ ಬಿದ್ದರೂ ತಲೆಗೆ ಹೋಗಲೇ ಇಲ್ಲ. “ಕೂತ್ಕೊಳೆ ಸಾಕು, ನೆನ್ನೆ ಮೊನ್ನೆ ಬಂದೋಳು! ಫೋಟೋಗ್ ಹೊತ್ತಾಯ್ತು!” ಎಂದು ಕೂಗಿದೆ. ಹಾಲ್ ಎಲ್ಲ ನಕ್ಕಿತು. ಯಾರೋ “ಅಜ್ಜಿ ಎಲ್ರುನೂ ಪಾಸ್ ಮಾಡಿದ್ರು ಬುಡ್ರಪ್ಪ” ಎಂದರು. ಮೇಷ್ಟ್ರು ಅದನ್ನೇ ಹಿಡಿದುಕೊಂಡು ಪುಸ್ತಕ ಮುಚ್ಚಿದರು. ಡೌಟು ಮುಂದಿನ ವರ್ಷದ ತನಕ ಕಾಯಬಹುದು, ಫೋಟೋ ಕಾಯುವಂತಿಲ್ಲವಲ್ಲ, ಎಲ್ಲರೂ ಎದ್ದರು. ಇಡೀ ಊರನ್ನು ಬೈಯುವ ಈ ಬಾಯಿ ಆಮೇಲೆ “ನನ್ನದೊಂದಿದೆ” ಎನ್ನಲಿಲ್ಲ.

ಸಾಲಿನಲ್ಲಿ ನಿಂತು ಹಲ್ಲು ಕಿರಿಯುವಾಗ ಮಾರಕ್ಕ ಪಕ್ಕಕ್ಕೆ ಬಂದಳು. ಸಿಟ್ಟಿರಲಿಲ್ಲ ಅವಳಿಗೆ. “ನಿಮ್ಮಕ್ಕಂಗೋಸ್ಕರಾನೇ ಎದ್ದಿದ್ದೆ ಅಜ್ಜಿ. ಔಷ್ದಿ ಮನೆ ಮುಂದೆ ಅವ್ರು ನಿಂತಿದ್ದು ನೋಡಿದ್ದೆ. ಮೂರ್ ಅಂಕಿ ಮಾಡೋದು ಅರ್ಧ ಗಂಟೆ ಕೆಲ್ಸ,” ಎಂದಳು. ಪ್ರಮಾಣಪತ್ರ ಹಂಚುವಾಗ ಅವಳ ಕೈಗೆ ಕೊಡಬೇಕಾದವಳೂ ಹಿರಿಯಳಾದ ನಾನೇ. ಕೊಟ್ಟೆ. ಅವಳು ನಮಸ್ಕಾರ ಮಾಡಿದಳು. ಅದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ವಾಸಿಯಿತ್ತು.

ಮನೆಗೆ ಬಂದು ಮೂಲೆಯಲ್ಲಿ ಕೂತೆ. ಅಕ್ಕ ನನ್ನ ಮುಖ ನೋಡಿದಳು. ಕೋಲು ಹಿಡಿದು ಒಬ್ಬಳೇ ಔಷಧಿ ಮನೆಗೆ ಹೋದಳು. ಬಾಗಿಲಿಗೆ ಒಂಬತ್ತು, ಒಂಬತ್ತು ಒತ್ತಿದಳಂತೆ. ತೆರೆಯಿತು. ಬಂದು ಮಾತ್ರೆ ನುಂಗಿ, ನೀರು ಕುಡಿದು ಹೇಳಿದಳು: “ಯಾವ್ ವರ್ಷ ಬುಡ್ಲಿ ಅಂತ ದಾರೀಲೆಲ್ಲ ಯೋಚ್ನೆ ಮಾಡ್ದೆ ಕಣೆ ನಿಂಗಿ. ನೀನ್ ಹುಟ್ಟಿದ್ ವರ್ಷ ಬುಟ್ಟೆ.”

ಹೇಳಿ ಗೋಡೆ ಕಡೆ ತಿರುಗಿ ಮಲಗಿದಳು. ಈಗ ಉಸಿರು ಸರಾಗವಾಗಿ ಆಡುತ್ತಿದೆ.

ನಿಮ್ಮ ತರಬೇತಿ ಇನ್ನೂ ನಡೆದಿಲ್ಲದಿದ್ದರೆ ಕೇಳಿ. ಊಟವಾಗಿ ಕಣ್ಣು ಎಳೆಯುವ ಹೊತ್ತಿಗೆ ವಯಸ್ಸಿನ ಖಾನೆ ಬರುತ್ತದೆ. ಅಭ್ಯಾಸಕ್ಕೆ ತಾನೇ, ಯಾರು ನೋಡುತ್ತಾರೆ ಎಂದು ಎರಡಕ್ಕೆ ನಿಲ್ಲಿಸಬೇಡಿ. ನಾವು ನೋಡುತ್ತಿದ್ದೇವೆ. ಯಾರಾದರೂ ಎದ್ದು ಕೇಳಿದರೆ, ಎಷ್ಟೇ ಪೆದ್ದು ಪ್ರಶ್ನೆಯಾಗಿರಲಿ, ನನ್ನಂಥವಳೊಬ್ಬಳು ಮುಂದಿನ ಸಾಲಿನಿಂದ ಕೂಗಿದರೂ ಸರಿ, ಕೊನೆಯ ತನಕ ಕೇಳಿಸಿಕೊಳ್ಳಿ. ಇನ್ನೊಂದು ಅಂಕಿಗೆ ಜಾಗ ಬಿಡಿ. ನಾನು ಹುಟ್ಟಿದ ವರ್ಷ ನನ್ನ ಅಕ್ಕನ ಲೆಕ್ಕಕ್ಕೆ ಮರಳಿ ಸೇರಬೇಕು.

ಇಂತಿ,
ಪುಟ್ಟನಿಂಗಮ್ಮ