ಎರಡು ಪುಲ್ಲಿ, ಒಂದೆಳೆ ನೂಲು

ಬಸಗೊಂಡಾ,

ಚೈತ್ರದ ಬಿಸಿಲು ಏರುವ ಮೊದಲೇ, ನಿನ್ನೆ ಮುಂಜಾನೆ ಏಳಕ್ಕೆ, ಹಳೇ ಅಂಬಾಸಿಡರಿಗೆ ಹೊಸ ಆಲ್ಟರ್ನೇಟರ್ ಕೂಡಿಸಲು ಕುಂತಿ. ಸಂಜೆಯೊಳಗೆ ಎರಡು ಬೆಲ್ಟ್ ಹರಿದವು. “ಬೆಲ್ಟೇ ಖೊಟ್ಟಿ ಅದಾವಬೇ” ಅಂದಿ. ಬೆಲ್ಟಿನ ತಪ್ಪಲ್ಲ. ಬೆಲ್ಟ್ ಸುತ್ತುವ ನಿನ್ನ ಪುಲ್ಲಿಗಳಲ್ಲಿ ಇಂಜಿನ್ನಿನದು ಜಮಖಂಡಿ ಕಡೆ, ಆಲ್ಟರ್ನೇಟರಿನದು ಮುಧೋಳ ಕಡೆ ಮುಖ ಮಾಡಿವೆ.

ಮೂವತ್ತು ವರ್ಷ ಇಂಥದೇ ಬೆಲ್ಟಿನ ಪಾವರ್‌ಲೂಮ್ ನಡೆಸಿದ ಅವ್ವನನ್ನು ಬಿಟ್ಟು ಮೊಬೈಲನ್ನು ಕೇಳಿದಿ. ಇರಲಿ.

ಬಾನೆಟ್ ಮೇಲೆ ನೂಲಿನ ಕಂಡಿಕೆ ಇಟ್ಟಿದ್ದೇನೆ. ಎರಡೂ ಪುಲ್ಲಿಯ ಮುಖಕ್ಕೆ ಅಡ್ಡಲಾಗಿ ಬಿಗಿಯಾಗಿ ಹಿಡಿ. ಒಂದೊಂದಕ್ಕೆ ಎರಡರಂತೆ ನಾಲ್ಕೂ ಅಂಚಿಗೆ ನೂಲು ತಾಗಬೇಕು. ಸಂದು ಕಂಡರೆ ಆಲ್ಟರ್ನೇಟರ್ ಬೋಲ್ಟಿಗೆ ವಾಷರ್ ಹಾಕಿ ಸರಿಸು. ಸುತ್ತಿಗೆ ಮುಟ್ಟಬೇಡ.

ಗುರುವಾರ ನಿನ್ನ ಹೆಂಡತಿ ರಾಜಶ್ರೀ ಹಸುಗೂಸು ಎತ್ತಿಕೊಂಡು ಬೀಳಗಿಯ ತವರಿನಿಂದ ಇದೇ ಕಾರಿನಲ್ಲಿ ಬರಬೇಕು. ನಡುದಾರಿಯಲ್ಲಿ ಬೆಲ್ಟ್ ಹರಿದರೆ ಕೂಸಿಗೂ ಮೊಬೈಲ್ ತೋರಿಸುತ್ತೀಯೇನು?

ಕಾರು ನಂಬದೆ, ಮಂಗಳವಾರ ಬೀಳಗಿ ಬಸ್ಸು ಹಿಡಿದವಳು,
ನಿಮ್ಮವ್ವ