ಪಿಚರ್ ಮುಂದಿನ ಬಲೆ ತೆಗೆಸಿದವರಿಗೆ

ಮಾನ್ಯ ಅಧ್ಯಕ್ಷರೇ, ಮಡಚುವ ಕುರ್ಚಿಗಳಲ್ಲಿ ಮಂಡಿಸಿರುವ ನಿಯಮ ಸಮಿತಿಯ ಮಹನೀಯರೇ, ಬದಲಿ ಮೊಣಕಾಲಿನ ಮಲ್ಲರೇ, ಒಂದು ರನ್ನಿಗೆ ಎರಡು ಮಾತ್ರೆ ನುಂಗುವ ವೀರರೇ, ಬೇಲಿಯಾಚೆ ಕಂಬಳಿ ಹೊದ್ದು ಕುಳಿತ ಅವರ ಸಾಧ್ವಿ ಪತ್ನಿಯರೇ,

ಕಳೆದ ಫೆಬ್ರವರಿಯ ಸಭೆಯಲ್ಲಿ ತಾವು ಅರವತ್ತೈದು ದಾಟಿದವರ ನಮ್ಮ ಸಾಫ್ಟ್‌ಬಾಲ್ ಲೀಗಿನ ಮೂರು ನಿಯಮಗಳನ್ನು ಒಂದೇ ಏಟಿಗೆ ಬದಲಿಸಿದಿರಿ. ಚೆಂಡೆಸೆಯುವ ಪಿಚರ್ ಮುಂದೆ ನಿಲ್ಲಿಸುತ್ತಿದ್ದ ಬಲೆಯನ್ನು ತೆಗೆಸಿದಿರಿ. ಅವರ ಮುಖಗವಚ ಕಡ್ಡಾಯವಲ್ಲ, ಅವರವರ ಇಷ್ಟ ಎಂದಿರಿ. ಪಿಚರ್ ನಿಂತ ನಡುದಾರಿಗೆ ಚೆಂಡು ಹೊಡೆದರೆ ಹೊಡೆದವನೇ ಔಟ್ ಎಂಬ ಹಳೆಯ ನಿಯಮವನ್ನೂ ಅಳಿಸಿದಿರಿ. ಜೂನ್‌ನಲ್ಲಿ ನಮ್ಮ ಪಿಚರ್ ಕ್ಲೆಮ್ ನೊವೊಟ್ನಿ ತೀರಿಕೊಂಡರು. ಎಪ್ಪತ್ತೆರಡು ವರ್ಷ. ಬಲೆ ತೆಗೆದವರು ತಾವು, ಬೆಲೆ ತೆತ್ತವರು ಅವರು. ಪ್ರಾಸ ನನ್ನ ಹಳೆಯ ಚಟ. ಸಾವಿನ ಮನೆಯಲ್ಲೂ ಬಿಡದು, ಕ್ಷಮಿಸಿ.

‘ಆಟದ ಸಹಜತೆಯನ್ನು ಮರಳಿ ತರಲು’ ಎಂದು ತಮ್ಮ ಸುತ್ತೋಲೆ ಹೇಳುತ್ತದೆ. ಯಾವ ಸಹಜತೆ? ನಮ್ಮ ಆಟದಲ್ಲಿ ಚೆಂಡು ಬರುವುದು ಕೆಳಗೈಯಿಂದ, ಕಮಾನಾಗಿ, ಬೀಗರ ಮನೆಗೆ ಹೊರಟ ಅಜ್ಜಿಯ ಹಾಗೆ ನಿಧಾನವಾಗಿ. ಮರಳುವುದು ಮಾತ್ರ ಬೆಂಕಿ ಬಿದ್ದ ಮನೆಯಿಂದ ಓಡಿದ ಹಾಗೆ. ಹೊಡೆಯುವವರ ತೋಳು ಸೋತಿತೆಂದು ವರ್ಷವರ್ಷವೂ ಇನ್ನಷ್ಟು ಚಿಮ್ಮುವ ಬ್ಯಾಟುಗಳಿಗೆ ಅಪ್ಪಣೆ ಕೊಡುತ್ತ ಬಂದಿರಿ. ಐವತ್ತಡಿ ದೂರದಲ್ಲಿ ನಿಂತವರ ಕಣ್ಣಿಗೆ ವಯಸ್ಸಾಗಲಿಲ್ಲವೇ? ತೋಳಿಗಷ್ಟೇ ಮುಪ್ಪು, ಕಣ್ಣಿಗೆ ರೆಪ್ಪೆಯೇ ಸಾಕು ಎಂದು ತಮಗೆ ಹೇಳಿದವರು ಯಾರು?

ಬಲೆ ಬೇಡವೆಂಬ ಮನವಿಗೆ ಮೊದಲ ಸಹಿ ಹಾಕಿದವರೇ ಕ್ಲೆಮ್ ಎಂದು ತಾವು ಹೇಳುವಿರಿ. ನಿಜ. ಸಾಮಾನಿನ ಕೊಠಡಿಯಲ್ಲಿ ಬಲೆಯ ಚೌಕಟ್ಟಿಗೆ ಒರಗಿಕೊಂಡೇ ಅವರು, “ಇದರ ಹಿಂದೆ ನಿಂತ್ಕೊಳ್ಳೋಕೆ ನಾನೇನು ಗೂಡಿನ ಕೋಳೀನಾ?” ಎಂದರು. ಎಲ್ಲರೂ ನಕ್ಕು ಸಹಿ ಹಾಕಿದರು. ನಲವತ್ತಾರರ ನಾನು ಅಲ್ಲಿ ಇನ್ನೂ ಹುಡುಗ. ಬೆಂಚಿನಲ್ಲಿ ಕುಳಿತು ಅಂಕ ಬರೆಯುವವನು. ನನ್ನ ಸಹಿಯನ್ನು ಯಾರೂ ಕೇಳಲಿಲ್ಲ. ನಗುವಾಗ ಮಾತ್ರ ನಾನೂ ನಕ್ಕೆ.

ಮಣ್ಣಾದ ಮರುವಾರ ಅವರ ಹೆಂಡತಿ ಆರ್ಲೀನರನ್ನು ನೋಡಲು ಹೋಗಿದ್ದೆ. ಪ್ರತಿ ಮಂಗಳವಾರ ಎರಡೂ ತಂಡಗಳಿಗೆ ಗಸಗಸೆ ಹೂರಣದ ಕೊಲಾಚೆ ಬನ್ನು ಬೇಯಿಸಿ ತರುತ್ತಿದ್ದವರು ಅವರು. ಅಂದೂ ತಟ್ಟೆಯಲ್ಲಿ ಎರಡಿಟ್ಟು ನನ್ನ ಮುಂದೆ ತಳ್ಳಿದರು. ಕಾರಿನ ಡಿಕ್ಕಿಯಲ್ಲಿ ಮುಖಗವಚ ಹಾಗೇ ಸಿಕ್ಕಿತಂತೆ, ಟವೆಲಿನಲ್ಲಿ ಸುತ್ತಿಟ್ಟದ್ದು.

“ಕಡ್ಡಾಯ ಅಂತ ಇದ್ದಾಗ ಬೈಕೊಂಡು ಹಾಕ್ಕೋತಿದ್ರು,” ಎಂದರು. ತಟ್ಟೆಯನ್ನು ಇನ್ನಷ್ಟು ಹತ್ತಿರ ಸರಿಸಿ, “ಬೈಕೊಂಡಾದ್ರೂ ಹಾಕ್ಕೋತಿದ್ರು.”

ಮಾನ್ಯರೇ, ಆ ಎರಡನೆಯ ಮಾತು ತಮಗೆ ಕೇಳಿಸಲಿ ಎಂದೇ ಈ ಪತ್ರ. ಎಪ್ಪತ್ತು ದಾಟಿದ ಗಂಡಸು ಗೆಳೆಯರೆದುರು ‘ನನಗೆ ಭಯ’ ಎನ್ನಲಾರ. ಆದರೆ ‘ಏನ್ಮಾಡ್ಲಿ, ಹಾಳು ನಿಯಮ ಇದೆಯಲ್ಲ’ ಎನ್ನಬಲ್ಲ. ನಿಯಮವೆಂದರೆ ಮರ್ಯಾದೆ ಕಳೆದುಕೊಳ್ಳದೆ ಹೆದರಲು ಸಿಗುವ ನೆಪ. ಕ್ಲೆಮ್ ಆರು ವರ್ಷ ತಮ್ಮನ್ನು ಬೈಯುತ್ತ ಬದುಕಿದರು. ತಾವು ಬೈಗುಳಕ್ಕೆ ಬೇಸತ್ತು ಆ ನೆಪವನ್ನು ಕಿತ್ತುಕೊಂಡಿರಿ. ಅಧಿಕಾರದಲ್ಲಿ ಇರುವವರು ಇಷ್ಟು ಬೈಗುಳವನ್ನೂ ತಡೆಯಲಾರರೇ?

ಕ್ಲೆಮ್‌ಗೆ ಚೆಂಡು ಬಡಿದ ಆ ಮಂಗಳವಾರ ಎದುರು ತಂಡದಲ್ಲಿ ಒಬ್ಬರಿಗೆ ಬೆನ್ನು ಹಿಡಿದು ಒಂದಾಳು ಕಡಿಮೆಯಿತ್ತು. ಕಡಿಮೆಯಾದರೆ ಅಲ್ಲೇ ಇದ್ದವನೊಬ್ಬನನ್ನು ಎರವಲು ಪಡೆದು ಕೊನೆಯಲ್ಲಿ ಬ್ಯಾಟಿಗೆ ನಿಲ್ಲಿಸುವುದು ನಮ್ಮ ವಾಡಿಕೆ. ಎರವಲು ಬಂದವನು ಮೆಲ್ಲಗೆ ತಟ್ಟಿ, ಔಟಾಗಿ, ಬಂದು ಕೂರುವುದು ಮರ್ಯಾದೆ. ಅವನು ಹಾಗೇ ಮಾಡಿದ. ಮೊದಲ ಸರದಿಯಲ್ಲಿ ತಟ್ಟಿದ, ಔಟಾದ. ಐದನೆಯ ಇನ್ನಿಂಗ್‌ನಲ್ಲಿ ಮತ್ತೆ ಬಂದಾಗ ಕ್ಲೆಮ್ ಚೆಂಡನ್ನು ಅಂಗೈಯಲ್ಲಿ ತಿರುಗಿಸುತ್ತ, “ಮಗು ಮಲಗಿಸ್ತಿದೀಯೇನೋ ಮರಿ? ತಟ್ಟಬೇಡ, ಹೊಡಿ,” ಎಂದರು. ಮೈದಾನವೆಲ್ಲ ನಕ್ಕಿತು.

ಅವನು ಹೊಡೆದ.

ಕ್ಲೆಮ್ ಕೈ ಎತ್ತಲೂ ಇಲ್ಲ. ಎತ್ತಲು ಹೊತ್ತು ಸಿಕ್ಕಿದ್ದರೆ ತಾನೇ? ಅಂಪೈರ್ ಮರ್ಲ್, ಅವರ ಜತೆ ಶಾಲೆಗೆ ಹೋದವರು, ಓಡಿ ಬಂದು ಪಕ್ಕದಲ್ಲಿ ಮಂಡಿಯೂರಿದರು. ಆ ಮಂಡಿ ಬಾಗಿದ್ದನ್ನು ನಾವು ಯಾರೂ ಅದುವರೆಗೆ ಕಂಡಿರಲಿಲ್ಲ.

“ನಡುವೆ ಹೊಡ್ದ ಅಲ್ವಾ,” ಎಂದರು ಕ್ಲೆಮ್. “ಔಟು ತಾನೇ?”

“ಹೂಂ ಕಣೋ. ಔಟು.”

ಈ ವರ್ಷ ಹಳೆಯ ನಿಯಮ ಜಾರಿಯಾದದ್ದು ಅದೊಂದೇ ಸಲ. ಸುಳ್ಳಾಡಿ ಜಾರಿ ಮಾಡಿದ ಮರ್ಲ್ ಆಮೇಲೆ ಅಂಪೈರಾಗಿ ನಿಂತಿಲ್ಲ. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಕ್ಲೆಮ್ ಇನ್ನೊಂದು ಮಾತಾಡಲಿಲ್ಲ.

ತಾವು ವರದಿ ಬರೆಸಿದಿರಿ: ‘ತಡೆಯಲಾಗದ ಅಪಘಾತ. ಚೆಂಡು ಹೊಡೆದವನು ಒಬ್ಬ ಎರವಲು ಆಟಗಾರ.’ ಈಗ ಮೈದಾನಕ್ಕೆ ಅವರ ಹೆಸರಿನ ಕಲ್ಲೊಂದನ್ನು ನೆಡುವಿರಂತೆ. ಕಲ್ಲು ಬೇಡ, ಬಲೆ ಕೊಡಿ. ಮುಂದಿನ ಮಂಗಳವಾರವೇ ಕೊಡಿ. ಮುಖಗವಚದ ಮುಂದೆ ಮತ್ತೆ ‘ಕಡ್ಡಾಯ’ ಎಂದು ಬರೆಯಿರಿ. ನಡುದಾರಿಗೆ ಹೊಡೆದವನನ್ನು ಔಟೆನ್ನಿ. ಮುದುಕರು ಬೈಯುತ್ತಾರೆ. ಬೈಯಲಿ ಬಿಡಿ. ಬೈಯಲು ಅವರು ಬದುಕಿರಲಿ.

ವರದಿಯ ಕೊನೆಯಲ್ಲಿ ತಾವು ಒಂದು ಪ್ರಶ್ನೆ ಕೇಳಿದ್ದೀರಿ: ಅಂಕದ ಪುಸ್ತಕದಲ್ಲಿ ಐದನೆಯ ಇನ್ನಿಂಗ್‌ನ ಕೊನೆಯ ಚೌಕ ಏಕೆ ಖಾಲಿ? ಬರೆಯುವವನು ಎಲ್ಲಿ ಹೋಗಿದ್ದ?

ಪೆನ್ಸಿಲನ್ನು ಬೆಂಚಿನ ಮೇಲಿಟ್ಟು ಬ್ಯಾಟು ಹಿಡಿದು ಹೋಗಿದ್ದೆ. ಅವರ ಮುಖ ಬರಿದಾಗಿರುವುದನ್ನು ಕಂಡೆ. ಒಂದು ಹೆಜ್ಜೆ ಹಿಂದೆ ಸರಿದು, ಕವಚ ಹಾಕ್ಕೊಳ್ಳಿ ಕ್ಲೆಮ್ ಎನ್ನುವ ಮಾತು ಬಾಯಿಗೂ ಬಂತು. ಎಲ್ಲರೂ ನಗುತ್ತಿದ್ದರು. ನನಗೂ ಒಂದು ನೆಪ ಬೇಕಿತ್ತು.

ಇಂತಿ,
ಮೆಲ್ಲಗೆ ತಟ್ಟಬೇಕಿದ್ದವನು